ಹಾಲೆಂಡಿನಲ್ಲಿ ಬಿಟ್ಟು ಬಂದ ಕ್ಲಾಸು

ಹುರಿದ ಶೇಂಗಾವನ್ನು ಮೊರಕ್ಕೆ ಹಾಕಿಕೊಂಡು ಅಂಗೈಯಿಂದ ಉಜ್ಜಿ ಸಿಪ್ಪೆ ಬಿಡಿಸುತ್ತಿದ್ದೆ. ಮನೆಯಲ್ಲಿ ಚಟ್ನಿಪುಡಿ ಮುಗಿದಿತ್ತು. ಅದಿಲ್ಲದೆ ನಮ್ಮ ಮನೆಯವರಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಸಿಪ್ಪೆ ಒಳಗೆಲ್ಲ ಹಾರುತ್ತದೆಂದು ಬಾಡಿಗೆಯವರ ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ಕೂತಿದ್ದೆ. ಇನ್ನೇನು ಕೇರಬೇಕು ಎನ್ನುವಾಗ ಮಡಿಲಲ್ಲಿದ್ದ ಫೋನು ಹೊಡೆದುಕೊಂಡಿತು. ಮಗಳು. ಕಾಲೇಜಿನ ಹೊತ್ತಿನಲ್ಲಿ ಅವಳು ಫೋನ್ ಮಾಡುವವಳೇ ಅಲ್ಲ.

"ಅಮ್ಮ, ಫ್ರೀ ಇದೀಯಾ?"

"ಶೇಂಗಾ ಕೇರ್ತಾ ಇದೀನಿ. ಹೇಳು."

"ಹಾಲೆಂಡಲ್ಲಿ ಮಾಡಿದ್ದನ್ನ ಇಲ್ಲಿ ತಗೊಳ್ಳಲ್ವಂತೆ."

"ಏನು ತಗೊಳ್ಳಲ್ವಂತೆ? ಯಾರು?"

"ಡಿಪಾರ್ಟ್‌ಮೆಂಟಲ್ಲಿ. ಒಂದು ಸಬ್ಜೆಕ್ಟಿಗೆ ಕ್ರೆಡಿಟ್ ಕೊಡಲ್ವಂತೆ. ಅದು ತೀರ್ಮಾನ ಆಗೋವರೆಗೂ ಮಿಕ್ಕಿದ್ದನ್ನೂ ತಡೆದು ಇಟ್ಟಿದಾರೆ. ನಾಳೆ ಮನೆಯವರನ್ನ ಕರ್ಕೊಂಡು ಬಾ ಅಂದ್ರು."

ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಏನಾದರೂ ಸಮಾಧಾನ ಹೇಳುತ್ತಿದ್ದೆ. "ಊಟ ಮಾಡಿದ್ಯಾ?" ಎಂದೆ.

"ಅಮ್ಮ, ನಾನೇನು ಹೇಳ್ತಾ ಇದೀನಿ, ನೀನೇನು ಕೇಳ್ತಾ ಇದೀಯ!" ಎಂದು ಇಟ್ಟುಬಿಟ್ಟಳು.

ಅವಳು ಓದುತ್ತಿದ್ದದ್ದು ಆಹಾರದ ಇಂಜಿನಿಯರಿಂಗ್, ಕೆಂಗೇರಿ ದಾಟಿದ ಮೇಲೆ ಸಿಗುವ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ. ಹಾಲು, ಹಿಟ್ಟು, ಹಣ್ಣಿನ ರಸ ಇವೆಲ್ಲ ಕೆಡದ ಹಾಗೆ ಇಡುವುದು ಹೇಗೆ, ಡಬ್ಬಿಗೆ ತುಂಬುವುದು ಹೇಗೆ ಎಂದು ಕಲಿಸುತ್ತಾರೆ. "ಉಪ್ಪಿನಕಾಯಿ ಹಾಕೋದಕ್ಕೆ ನಾಲ್ಕು ವರ್ಷ ಓದ್ತಾಳೆ ನನ್ನ ಮಗಳು" ಎಂದು ನಮ್ಮ ಮನೆಯವರು ಬಂದವರ ಮುಂದೆಲ್ಲ ನಗುತ್ತಿದ್ದರು. ಅವರ ಹೆಮ್ಮೆ ಹೊರಗೆ ಬರುವುದೇ ಹಾಗೆ. ಕೊನೆಯ ವರ್ಷದ ಮೊದಲ ಸೆಮಿಸ್ಟರಿಗೆ ಕಾಲೇಜಿನವರು ನಾಲ್ಕಾರು ಮಕ್ಕಳನ್ನು ಆರಿಸಿ ಹಾಲೆಂಡಿಗೆ ಕಳಿಸಿದಾಗ ಇವಳೂ ಹೋದಳು. ಅಲ್ಲಿಂದ ಬಂದು ಉಳಿದ ಒಂದು ಸೆಮಿಸ್ಟರ್ ಇಲ್ಲಿ ಮುಗಿಸಿದರೆ ಡಿಗ್ರಿ. ಒಂದು ಹಾಲಿನ ಕಾರ್ಖಾನೆಯಲ್ಲಿ ಕೆಲಸವೂ ಗೊತ್ತಾಗಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಡಿಗ್ರಿ ತೋರಿಸಿ ಸೇರಬೇಕು, ಅಷ್ಟೇ ಬಾಕಿ.

ಕ್ರೆಡಿಟ್ ಅಂದರೆ ಏನೆಂದು ಹೋಗುವ ಮೊದಲೇ ನನಗೆ ಬಿಡಿಸಿ ಹೇಳಿದ್ದಳು. ಒಂದೊಂದು ಸಬ್ಜೆಕ್ಟಿಗೂ ಒಂದೊಂದು ತೂಕ. ಅಲ್ಲಿ ಪಾಸಾದದ್ದನ್ನು ಇಲ್ಲಿಯವರು ತಮ್ಮ ಅಳತೆಗೆ ತಂದು ಇವಳ ಓದಿಗೆ ಸೇರಿಸಿಕೊಳ್ಳುತ್ತಾರೆ. ನಾನು ಮದುವೆಯಾಗಿ ದಾವಣಗೆರೆ ಕಡೆಯಿಂದ ಬಸವೇಶ್ವರನಗರಕ್ಕೆ ಬಂದ ಹೊಸದರಲ್ಲಿ, ಅತ್ತೆ ಹೇಳಿದಷ್ಟು ಸೇರು ಅಕ್ಕಿಯನ್ನು ತವರಿನಿಂದ ತಂದ ಚಿಕ್ಕ ಸೇರಿನಲ್ಲಿ ಅಳೆದು ಹಾಕಿ, ಬಂದ ನೆಂಟರಿಗೆ ಅನ್ನ ಸಾಲದೆ ಹೋಗಿತ್ತು. ಹಾಗಾಗಿ ಅವಳು ಹೇಳಿದ್ದು ನನಗೆ ಬೇಗ ತಲೆಗೆ ಹೋಯಿತು.

ಹೋಗುವ ದಿನ ಅವಳು ಕೊರಳಲ್ಲಿದ್ದ ಲಿಂಗವನ್ನು ಅದನ್ನಿಡುವ ಕರಡಿಗೆಯ ಸಮೇತ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಅಲ್ಲಿ ಪೂಜೆ ಗೀಜೆ ನನ್ನ ಕೈಲಾಗಲ್ಲ ಅಮ್ಮ. ಸುಮ್ನೆ ಹಾಕ್ಕೊಂಡು ಓಡಾಡೋದಕ್ಕಿಂತ ನಿನ್ನ ಹತ್ರ ಇರೋದು ವಾಸಿ." ನಾನು ಅದನ್ನು ಕಣ್ಣಿಗೊತ್ತಿಕೊಂಡೆ. ಅವಳು ಬರುವ ತನಕ ನನ್ನ ಲಿಂಗದ ಜೊತೆ ಅವಳದಕ್ಕೂ ನಾನೇ ನೀರು, ವಿಭೂತಿ, ಪತ್ರೆ ಇಟ್ಟೆ. ಬಂದ ಮೇಲೂ ಅವಳು ಕೇಳಲಿಲ್ಲ, ನಾನೂ ಕೊಡಲಿಲ್ಲ.

ಮರುದಿನ ಅವಳ ಸ್ಕೂಟರಿನ ಹಿಂದೆ ಕೂತು ಕಾಲೇಜಿಗೆ ಹೋದೆ. ಮನೆಯವರಿಗೆ ಆಫೀಸಿನಲ್ಲಿ ಇನ್‌ಸ್ಪೆಕ್ಷನ್ ಇತ್ತು, ರಜೆ ಸಿಗಲಿಲ್ಲ. ವಿಭಾಗದ ಮುಖ್ಯಸ್ಥೆ ನನ್ನದೇ ವಯಸ್ಸಿನವರು, ನರೆತ ಕೂದಲಿಗೆ ಬಣ್ಣ ಹಚ್ಚಿರಲಿಲ್ಲ. ನನ್ನನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಮಾತಿಗೆ ಬಂದರು.

"ನೋಡಿ ಅಮ್ಮ, ಇವಳು ಹೋಗೋ ಮುಂಚೆ ಅಲ್ಲಿ ಯಾವ್ಯಾವ ಕೋರ್ಸ್ ಮಾಡಬೇಕು ಅಂತ ಆ ಯೂನಿವರ್ಸಿಟಿಯವರೂ ನಾವೂ ಸೇರಿ ಒಪ್ಪಿಕೊಂಡಿದ್ವಿ. ನಮ್ಮಲ್ಲಿ ಆ ಸೆಮಿಸ್ಟರಿಗೆ ಮೀಟ್ ಪ್ರೊಸೆಸಿಂಗ್ ಕಂಪಲ್ಸರಿ. ಅಲ್ಲೂ ಅದನ್ನೇ ಮಾಡಬೇಕಿತ್ತು. ಇವಳು ಅದನ್ನ ಬಿಟ್ಟು ಚೀಸ್ ಮಾಡೋ ಕೋರ್ಸ್ ತಗೊಂಡಿದಾಳೆ. ನಮಗೆ ಒಂದು ಮೇಲ್ ಕೂಡ ಹಾಕಿಲ್ಲ."

"ಮೀಟ್ ಅಂದ್ರೆ..."

"ಮಾಂಸ ಅಮ್ಮ. ಕತ್ತರಿಸೋದು, ಕೆಡದ ಹಾಗೆ ಇಡೋದು."

ನಾನು ಮಗಳ ಕಡೆ ತಿರುಗಿದೆ. ಅವಳು ಬ್ಯಾಗಿನ ಜಿಪ್ ಎಳೆಯುತ್ತ, ಬಿಡುತ್ತ ಕೂತಿದ್ದಳು. ಆ ಹೊತ್ತಿನಲ್ಲಿ ಹಾಗೆ ಆಗಬಾರದಿತ್ತು, ಆದರೂ ನನ್ನೊಳಗೆ ಸಂತೋಷ ಉಕ್ಕಿತು. ಲಿಂಗ ಬಿಚ್ಚಿಟ್ಟು ಹೋದ ನನ್ನ ಮಗಳು ಮಾಂಸ ಮುಟ್ಟಲಾರದೆ ಎದ್ದು ಬಂದಿದ್ದಾಳೆ!

"ಮಾರ್ಕ್ಸ್ ಚೆನ್ನಾಗಿದೆ, ಕ್ರೆಡಿಟ್ಟೂ ಅಷ್ಟೇ ಇದೆ" ಎಂದರು ಮೇಡಂ. "ಆದ್ರೆ ಕೋರ್ಸ್ ಬೇರೆ. ಇದನ್ನ ಹೀಗೇ ಬಿಟ್ರೆ ಮುಂದಿನ ವರ್ಷ ಎಲ್ಲರೂ ತಮಗೆ ಬೇಕಾದ್ದು ಮಾಡ್ಕೊಂಡು ಬರ್ತಾರೆ." ನನ್ನ ಹಣೆಯ ವಿಭೂತಿಯನ್ನು ನೋಡಿದರೋ ಏನೋ, ದನಿ ತಗ್ಗಿಸಿದರು. "ಸೋಮವಾರ ಕಮಿಟಿ ಇದೆ. ಒಂದು ದಾರಿ ಹೇಳ್ತೀನಿ. ಧಾರ್ಮಿಕ ಕಾರಣಕ್ಕೆ ಮಾಡೋಕಾಗಲಿಲ್ಲ ಅಂತ ಬರೆದುಕೊಡ್ಲಿ. ನಿಮ್ಮ ಮಠದಿಂದ ಒಂದು ಪತ್ರ ತಂದ್ರೆ ಇನ್ನೂ ಗಟ್ಟಿ. ಅದಕ್ಕೆ ಯಾರೂ ಎದುರು ಮಾತಾಡಲ್ಲ."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಜುಲೈ ಮೇಲೆ ಜೂನಿಯರ್ಸ್ ಜೊತೆ ಕೂತು ಅದೇ ಕೋರ್ಸ್ ಇಲ್ಲಿ ಮಾಡಬೇಕು. ಡಿಗ್ರಿ ಅರ್ಧ ವರ್ಷ ಮುಂದಕ್ಕೆ ಹೋಗುತ್ತೆ."

ಅಂದರೆ ಹಾಲಿನ ಕಾರ್ಖಾನೆಯ ಕೆಲಸ ಹೋಗುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆ ತಾಯಿ ಒಳ್ಳೆಯ ಮನಸ್ಸಿನಿಂದಲೇ ದಾರಿ ತೋರಿಸಿದ್ದರು. ನಾನು ಎರಡೂ ಕೈ ಮುಗಿದು ಹೊರಗೆ ಬಂದೆ.

ವಾಪಸು ಬರುವಾಗ ನಾಗರಬಾವಿಯ ಹತ್ತಿರ, ಮರಗಳ ನೆರಳಿರುವ ಕಡೆ ಮಗಳು ಸ್ಕೂಟರ್ ನಿಲ್ಲಿಸಿದಳು. ಇಬ್ಬರೂ ಎಳನೀರು ಕುಡಿದೆವು. ನನಗೆ ತಡೆಯಲಾಗಲಿಲ್ಲ.

"ಶಿವ ನಿನ್ನ ಕೈ ಹಿಡಿದ ಕಣೇ."

"ಅಮ್ಮ, ಹಂಗಲ್ಲ. ಸುಮ್ನೆ ಏನೇನೋ ಕಟ್ಕೋಬೇಡ."

"ಮತ್ತೆ ಹೆಂಗೆ?"

"ಮೊದಲ್ನೇ ದಿನ ಒಂದು ತಣ್ಣನೆ ರೂಮಿಗೆ ಕರ್ಕೊಂಡು ಹೋದ್ರು. ಅರ್ಧ ಹಂದೀನ ಕೊಕ್ಕೆಗೆ ನೇತು ಹಾಕಿದ್ರು. ನನ್ನ ಕೈಗೊಂದು ಚಾಕು ಕೊಟ್ರು. ಪಕ್ಕದ ಹುಡುಗಿ ಹಾಡು ಹೇಳ್ಕೊಂಡು ಕಟ್ ಮಾಡ್ತಿದ್ಲು. ನಾನು ಚಾಕು ಕೆಳಗಿಟ್ಟೆ. ಹೊರಗೆ ಓಡಿ ಬಂದೆ. ಭಯ ಅಮ್ಮ, ಬರೀ ಭಯ. ದೇವ್ರು ನೆನಪಾಗ್ಲಿಲ್ಲ, ಮಠ ನೆನಪಾಗ್ಲಿಲ್ಲ."

"ಆ ಭಯ ಹುಟ್ಟಿಸಿದೋನು ಯಾರು ಮತ್ತೆ?"

"ಹಂಗಾದ್ರೆ ಚೀಸ್ ಕ್ಲಾಸಲ್ಲಿ ಅವನು ಯಾಕೆ ಸುಮ್ನಿದ್ದ?" ಎಂದಳು. "ಹಾಲು ಒಡೆಯೋದಕ್ಕೆ ಅಲ್ಲಿ ನಿಂಬೆಹಣ್ಣು ಹಿಂಡಲ್ಲ. ಕರುವಿನ ಹೊಟ್ಟೆಯಿಂದ ತೆಗೆದ ಒಂದು ರಸ ಹಾಕ್ತಾರೆ. ಸೆಮಿಸ್ಟರ್ ಪೂರ್ತಿ ಅದನ್ನ ಅಳೆದು ಹಾಕಿದೋಳು ನಾನೇ. ಅದಕ್ಕೆ ಭಯ ಆಗ್ಲಿಲ್ಲ, ಯಾಕಂದ್ರೆ ಅದು ಬಾಟ್ಲೀಲಿ ಇತ್ತು. ಈಗ ಧಾರ್ಮಿಕ ಕಾರಣ ಅಂತ ಹೆಂಗಮ್ಮ ಬರೀಲಿ?"

ಎಳನೀರಿನ ಬುರುಡೆ ಕೈಯಲ್ಲೇ ಉಳಿಯಿತು. ಅವಳು ಹಾಲೆಂಡಿನಿಂದ ತಂದಿದ್ದ ಚೀಸಿನ ಗಡ್ಡೆಯನ್ನು ನಾವು ತಿಂದು ಮುಗಿಸಿದ್ದೆವು. ನಮ್ಮ ಮನೆಯವರಂತೂ ರೊಟ್ಟಿಯ ಮೇಲೆ ತುರಿದು ತುರಿದು ಹಾಕಿಕೊಂಡಿದ್ದರು.

"ಹಂಗಾದ್ರೆ ಮನೆಗೆ ತಂದಿದ್ದು..."

"ಅದಕ್ಕೆ ಕರುವಿಂದು ಹಾಕಿಲ್ಲ, ನೋಡೇ ತಂದೆ. ಅಂಗಡೀಲಿ ಒಂದೊಂದನ್ನೂ ಎತ್ತಿ ಎತ್ತಿ ಚೀಟಿ ಓದ್ತಿದ್ದೆ. ಅಂಗಡಿಯವನು ನಾನು ಕಳ್ಳಿ ಅನ್ಕೊಂಡು ಹಿಂದೇನೇ ಬರ್ತಿದ್ದ."

ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡೆ. "ಭಯ ಆಯ್ತು ಅಂತ ಆವತ್ತೇ ಫೋನಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಖುಷಿ ಪಡ್ತಿದ್ದೆ. ನಂಗೆ ನಾಚಿಕೆ ಆಗ್ತಾ ಇತ್ತು. ಮೇಡಂಗೂ ಅದಕ್ಕೇ ಬರೀಲಿಲ್ಲ. ಅಷ್ಟೇ ಕ್ರೆಡಿಟ್ಟಿಂದು ಬೇರೆ ಮಾಡಿದ್ರೆ ಯಾರೂ ನೋಡಲ್ಲ ಅನ್ಕೊಂಡೆ."

ಮನೆಯವರಿಗೆ ಸಂಜೆ ಎಲ್ಲವನ್ನೂ ಹೇಳಿದೆವು. ಅವರು ಪೂರ್ತಿ ಕೇಳುವ ಮೊದಲೇ "ಅಯ್ಯೋ, ಇಷ್ಟೇನಾ!" ಎಂದು ಮಠದ ಇಲ್ಲಿನ ಶಾಖೆಗೆ ಫೋನ್ ಹಚ್ಚಿದರು. ಭಾನುವಾರ ಬೆಳಿಗ್ಗೆ ಸ್ವಾಮಿಗಳು ಇರುತ್ತಾರೆ, ಬನ್ನಿ ಎಂದರಂತೆ.

"ಅಪ್ಪ, ಅದು ಸುಳ್ಳು."

"ಯಾವುದು ಸುಳ್ಳು? ನಮ್ಮಲ್ಲಿ ಯಾರು ತಿಂತಾರೆ? ಯಾರು ಮುಟ್ತಾರೆ?"

"ನೀವು ಮುಟ್ಟಲ್ಲ. ನಾನು ಕರುವಿನ ಹೊಟ್ಟೆ ರಸದಲ್ಲಿ ಕೈ ಆಡಿಸಿ ಬಂದಿದೀನಿ."

"ಅದನ್ನ ಯಾರು ಕೇಳಿದ್ರು? ಕೇಳಿದ್ದಕ್ಕೆ ಮಾತ್ರ ಉತ್ತರ ಬರಿ. ಪರೀಕ್ಷೇಲಿ ಹಂಗೇ ತಾನೇ ಬರೆಯೋದು? ದೊಡ್ಡ ಸತ್ಯವಂತೆ ಹುಟ್ಟಿದಾಳೆ ನಮ್ಮನೇಲಿ."

ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಇಬ್ಬರ ಕಡೆಗೂ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ಆಗ ನನ್ನ ಮನಸ್ಸು ಅವರ ಕಡೆಗೇ ಇತ್ತು. ಒಂದು ಪತ್ರ, ಒಂದು ಸಹಿ. ಮಗು ಕಷ್ಟಪಟ್ಟು ಓದಿದೆ, ಕೆಲಸ ಕೈಯಲ್ಲಿದೆ. ಬರೆಯುವುದರಲ್ಲಿ ಮುಕ್ಕಾಲು ಪಾಲು ನಮ್ಮ ಮನೆಯ ಮಟ್ಟಿಗೆ ನಿಜವೇ ಅಲ್ಲವೆ ಎಂದು ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತೆ. ಎಡಗೈಯ ಮೇಲೆ ಲಿಂಗ ಇಟ್ಟುಕೊಂಡು ನೋಡುವುದು ನಮ್ಮ ಪದ್ಧತಿ. ಬೇರೆ ದಿನ ಹಾಗೆ ಕೂತಾಗ ಏನಾದರೊಂದು ಬೇಡುತ್ತೇನೆ. ಮನೆಯವರ ಬಿ.ಪಿ. ಇಳಿಯಲಿ, ಇವಳ ಪರೀಕ್ಷೆ ಸುಲಭವಾಗಲಿ, ಮಹಡಿಯ ಬಾಡಿಗೆಯವರು ಒಳ್ಳೆಯವರಾಗಿರಲಿ. ಆವತ್ತು ಬೇಡಲು ಬಾಯಿ ಬರಲಿಲ್ಲ. ಕಮಿಟಿಯವರು ಈ ಪತ್ರ ನಂಬುವ ಹಾಗೆ ಮಾಡಪ್ಪ ಎಂದು ಅವನನ್ನೇ ಕೇಳಬೇಕಲ್ಲ. ಅವಳ ಭಯವನ್ನು ಭಕ್ತಿ ಎಂದು ಬರೆಸಿ, ಅದಕ್ಕೆ ಅವನದೇ ಹೆಸರು ಹಾಕಿಸಿ, ಅದನ್ನು ನಡೆಸಿಕೊಡು ಎಂದು ಅವನ ಮುಂದೆಯೇ ಕೂರುವುದು ಹೇಗೆ? ಕೈಯ ಮೇಲಿದ್ದವನನ್ನು ಕಣ್ಣೆತ್ತಿ ನೋಡಲು ಆಗಲಿಲ್ಲ. ಪೂಜೆ ಬೇಗ ಮುಗಿಸಿ ಎದ್ದೆ.

ಮನೆಯವರು ಬಿಳಿ ಅಂಗಿ ತೊಟ್ಟು ನಡುಮನೆಯ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದರು.

"ರೀ, ನೀವು ಹೋಗ್ಬೇಡಿ."

"ಯಾಕೆ? ಅವರು ಕಾಯ್ತಿರ್ತಾರೆ."

"ಸ್ವಾಮಿಗಳ ಕೈಲಿ ಸುಳ್ಳು ಬರೆಸೋದು ಬೇಡ."

ಬಾಚಣಿಗೆ ತಲೆಯಲ್ಲೇ ನಿಂತಿತು. "ನೀನಾ ಈ ಮಾತು ಹೇಳ್ತಿರೋದು? ದಿನಾ ಎರಡು ಹೊತ್ತು ಪೂಜೆಗೆ ಕೂರೋಳು?"

"ಅದಕ್ಕೇ ಹೇಳ್ತಿರೋದು."

"ಅವಳ ಕೆಲಸ ಹೋಗುತ್ತೆ. ಆಮೇಲೆ ನನ್ನ ಮುಂದೆ ಕೂತು ಅಳ್ಬೇಡ."

"ಅಳ್ತೀನಿ. ನಿಮ್ಮ ಮುಂದೆ ಅಲ್ದೆ ಇನ್ಯಾರ ಮುಂದೆ ಅಳ್ಲಿ?"

ಅವರು ಬಾಚಣಿಗೆ ಕೆಳಗಿಟ್ಟರು. ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಬನಿಯನ್ನಿನಲ್ಲೇ ಹೊರಗೆ ಹೋಗಿ ಗಿಡಗಳಿಗೆ ನೀರು ಬಿಟ್ಟರು. ಆಗಲೇ ಬೆಳಿಗ್ಗೆ ನಾನು ನೀರು ಹಾಕಿದ್ದ ಗಿಡಗಳಿಗೇ ಮತ್ತೆ ಬಿಟ್ಟರು. ಮಗಳು ರೂಮಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಹತ್ತಿರ ಬರಲಿಲ್ಲ. ಅಡುಗೆಮನೆಗೆ ಹೋಗಿ ಮೂವರಿಗೂ ಕಾಫಿ ಮಾಡಿದಳು. ಅವಳು ಮಾಡುವ ಕಾಫಿ ಕುಡಿಯುವ ಹಾಗಿರುವುದಿಲ್ಲ. ಆವತ್ತು ಇಬ್ಬರೂ ಕುಡಿದೆವು.

ಮಗಳು ಕಮಿಟಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಟ್ಟಳು. ಹೆದರಿದೆ, ಬಿಟ್ಟೆ, ತಿಳಿಸದೆ ಇದ್ದದ್ದು ತಪ್ಪು ಎಂದು. ಸೋಮವಾರ ಸಂಜೆ ಮೇಡಂ ಅವಳಿಗೆ ಫೋನ್ ಮಾಡಿದರು. ಉಳಿದ ಎಲ್ಲ ಕೋರ್ಸುಗಳ ಕ್ರೆಡಿಟ್ ಒಪ್ಪಿದ್ದಾರೆ, ಅದೊಂದನ್ನು ಒಪ್ಪಲಿಲ್ಲ. "ನಾನು ಹೇಳಿದ ಹಾಗೆ ಮಾಡಿದ್ರೆ ಆಗ್ತಿತ್ತು" ಎಂದರಂತೆ. ಆಮೇಲೆ "ಇರ್ಲಿ ಬಿಡು, ಜುಲೈನಲ್ಲಿ ಬಾ" ಎಂದರಂತೆ. ಹಾಲಿನ ಕಾರ್ಖಾನೆಯವರು ಮರ್ಯಾದೆಯಿಂದಲೇ ಹೇಳಿದರು, ಡಿಗ್ರಿ ಬಂದ ಮೇಲೆ ಮತ್ತೆ ಅರ್ಜಿ ಹಾಕಿ, ಜಾಗ ಇದ್ದರೆ ನೋಡೋಣ ಎಂದು.

ನಾನು ಅತ್ತೆ. ಹೇಳಿದ ಹಾಗೆ ಅವರ ಮುಂದೆಯೇ ಅತ್ತೆ. ಅವರು ಪೇಪರ್ ಮಡಿಸಿಟ್ಟು ಪಕ್ಕಕ್ಕೆ ಬಂದು ಕೂತರು. ಮಗಳೊಂದಿಗೆ ಅವರ ಮಾತು ಬಹಳ ದಿನ ಸರಿಯಿರಲಿಲ್ಲ. "ಅವಳಿಗೆ ಊಟ ಹಾಕು" ಎಂದು ಅವಳ ಎದುರಿಗೇ ನನಗೆ ಹೇಳುವರು. ಅವಳೂ "ಅಪ್ಪಂಗೆ ಹೇಳಮ್ಮ, ಸ್ಕೂಟರ್ ಕೀ ಟೇಬಲ್ ಮೇಲಿದೆ" ಎನ್ನುವಳು. ಅವಳ ಜೊತೆಯವರೆಲ್ಲ ಕರಿ ಗೌನು ತೊಟ್ಟು ಡಿಗ್ರಿ ತಗೊಂಡ ದಿನ ಇವಳೂ ಹೋಗಿ, ಎಲ್ಲರ ಫೋಟೋ ತೆಗೆದುಕೊಟ್ಟು ಬಂದಳು. ಬಂದವಳು ನೇರ ಮಲಗಿದಳು. ಆವತ್ತು ನಾನು ಮಾಡಿದ್ದು ಸರಿಯೇ ಎಂದು ಹೇಳಿಕೊಳ್ಳಲು ನನಗೆ ಧೈರ್ಯ ಸಾಲಲಿಲ್ಲ. ಈಗಲೂ ಕೆಲವು ದಿನ ಸಾಲುವುದಿಲ್ಲ.

ಆದರೂ ಸಿಕ್ಕಿದ್ದನ್ನು ಸಿಕ್ಕಿತು ಎನ್ನಬೇಕು. ಸೆಮಿಸ್ಟರ್ ಪೂರ್ತಿ ಮುಳುಗಬಹುದಿತ್ತು, ಒಂದು ಕೋರ್ಸಿನಲ್ಲಿ ಉಳಿಯಿತು. ಮೇಡಂ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಲಿಲ್ಲ. ಮಗಳು ಅಂಗಡಿಯಲ್ಲಿ ನಿಂತು ಒಂದೊಂದರ ಚೀಟಿಯನ್ನೂ ಓದಿ ನಮಗೆಂದು ಚೀಸ್ ತಂದಿದ್ದಾಳೆ ಎಂಬುದು ಈ ಗಲಾಟೆ ಇಲ್ಲದಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಜುಲೈ ಬಂತು. ಅವಳನ್ನು "ಅಕ್ಕ" ಎಂದು ಕರೆಯುವ ಹುಡುಗ ಹುಡುಗಿಯರ ನಡುವೆ ಕೂತು ಬಂದಳು. ಮೊದಲು ಬರೀ ಪಾಠ. ಆಮೇಲೆ ಒಂದು ಗುರುವಾರ ಲ್ಯಾಬ್. ಬೆಳಿಗ್ಗೆ ತಿಂಡಿ ಅರ್ಧಕ್ಕೇ ಬಿಟ್ಟು ಎದ್ದಳು. ನಾನು ಇನ್ನೊಂದು ದೋಸೆ ಹಾಕಲೇ ಎಂದು ಕೇಳಲಿಲ್ಲ.

ಸಂಜೆ ಸ್ಕೂಟರಿನ ಸದ್ದು ಕೇಳಿಸಿತು, ಗೇಟಿನ ಸದ್ದು ಕೇಳಿಸಲಿಲ್ಲ. ಇಣುಕಿ ನೋಡಿದೆ. ಗೇಟಿನ ಹೊರಗೇ ನಿಂತಿದ್ದಳು, ಬಿಳಿ ಕೋಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ದೂರ ಹಿಡಿದುಕೊಂಡು.

"ಅಮ್ಮ, ಪಕ್ಕದ ಸಂದಿಯಿಂದ ಬಚ್ಚಲಿಗೆ ಹೋಗ್ಲಾ?"

ನಾನು ಬಾಯಿ ತೆರೆಯುವ ಮೊದಲೇ ನಡುಮನೆಯಿಂದ ಅವಳಪ್ಪನ ದನಿ ಬಂತು. "ಮುಂಬಾಗಿಲು ಯಾಕಿರೋದು? ಬಾರೇ ಒಳಗೆ. ಕಳ್ಳಿ ಥರ ಸಂದೀಲಿ ಬರ್ತಾಳಂತೆ."

ಅವಳು ಒಳಗೆ ಬಂದಳು. ಮುಖ ಬಿಳಿಚಿಕೊಂಡಿತ್ತು. ಬೆರಳುಗಳೆಲ್ಲ ಸೋಪಿಗೆ ನೆಂದು ಸುಕ್ಕಾಗಿದ್ದವು.

"ಹೆಂಗಾಯ್ತು?"

"ಕೋಳಿ. ಇಡೀ ಕೋಳಿ ಅಮ್ಮ. ಮೊದಲು ನನ್ನ ಕೈಲಿ ಆಗ್ಲೇ ಇಲ್ಲ. ಮೇಡಂ ಪಕ್ಕದಲ್ಲಿ ಬಂದು ನಿಂತ್ರು. ಆಮೇಲೆ ಮಾಡಿದೆ. ಪೂರ್ತಿ ಮಾಡಿದೆ."

"ಆಯ್ತಲ್ಲ. ನೀರು ಕಾದಿದೆ, ಹೋಗು."

"ಕೋಟ್ ಅಲ್ಲೇ ಇಟ್ಟಿರು. ನಾನೇ ಒಗೀತೀನಿ. ನೀನು ಮುಟ್ಬೇಡ" ಎನ್ನುತ್ತ ಬಚ್ಚಲಿಗೆ ಹೋದಳು.

ಕವರಿನ ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಚ್ಚಲು ಮನಸ್ಸಾಗಲಿಲ್ಲ, ಕತ್ತರಿ ತಂದೆ. ತೋಳಿನ ಹತ್ತಿರ ಒಂದು ಕಲೆ ಇತ್ತು. ಮೂಗಿಗೆ ಸೆರಗು ಹಿಡಿದುಕೊಂಡೆ. ಸೆರಗು ಹಿಡಿದರೆ ಕೈ ಸಾಲದು, ಬಿಟ್ಟೆ. ತಣ್ಣೀರಿನಲ್ಲಿ ನೆನೆಸಿ, ಸೋಪು ಹಚ್ಚಿ, ಒಗೆಯುವ ಕಲ್ಲಿನ ಮೇಲೆ ತಿಕ್ಕಿದೆ. ಮೊದಲ ಸಲಕ್ಕೆ ಹೋಗಲಿಲ್ಲ, ಇನ್ನೊಂದು ಸಲ ತಿಕ್ಕಿದೆ. ಹಿಂಡಿ ತಂತಿಗೆ ಹಾಕುವಾಗ ಕುಕ್ಕರ್ ಕೂಗಿತು. ಬೇಳೆ ಬೆಂದಿತ್ತು. ಕೈ ತೊಳೆದುಕೊಂಡು ಒಗ್ಗರಣೆಗೆ ಬೆಳ್ಳುಳ್ಳಿ ಸುಲಿಯಲು ಕೂತೆ.